ಮೋಟಾರ್‌ಹೋಮ್ ಶವರ್ ಟ್ರೇ ಬಿರುಕಿಗೆ ಸಿಗುವ ಕಿಟ್, ಅಂಟು, ಫೋಮ್: ಯಾವುದು ನಿಲ್ಲುತ್ತದೆ, ಯಾವುದು ಕೈಕೊಡುತ್ತದೆ

ಬ್ರಿಟನ್ನಿನಲ್ಲಿ ಹಳೆಯ ಮೋಟಾರ್‌ಹೋಮ್ (ಒಳಗೇ ಅಡುಗೆ, ಸ್ನಾನ, ನಿದ್ದೆ ಎಲ್ಲ ಆಗುವ ಗಾಡಿ) ಕೊಳ್ಳಲೆಂದು ನೋಡಲು ಹೋದವರು ಎಂಜಿನ್ ಶಬ್ದ ಕೇಳುತ್ತಾರೆ, ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಎಂದು ವಿಚಾರಿಸುತ್ತಾರೆ, ಟೈರಿನ ಮೇಲಿನ ತಾರೀಖು ಓದುತ್ತಾರೆ. ಬಚ್ಚಲಿನ ಬಾಗಿಲು ತೆಗೆದು, ಚೊಕ್ಕಟವಾಗಿದೆ ಎಂದು ಮುಚ್ಚಿಬಿಡುತ್ತಾರೆ. ಶೂ ಬಿಚ್ಚಿ ಶವರ್ ಟ್ರೇ, ಅಂದರೆ ಸ್ನಾನಕ್ಕೆ ನಿಲ್ಲುವ ಪ್ಲಾಸ್ಟಿಕ್ ತಟ್ಟೆಯ ಮೇಲೆ ನಿಂತು, ಹಿಮ್ಮಡಿಯಿಂದ ನಾಲ್ಕೂ ಮೂಲೆ ಒತ್ತಿ ನೋಡುವವರು ಕಡಿಮೆ. ಒತ್ತಿದ ಕಡೆ ತಗ್ಗಿ, ಕಾಲೆತ್ತಿದಾಗ ‘ಟಕ್’ ಎಂದು ಮೇಲೆದ್ದರೆ, ಬಿರುಕು ಇನ್ನೂ ಕಣ್ಣಿಗೆ ಬೀಳದಿದ್ದರೂ ಬರುವ ಹಾದಿಯಲ್ಲಿದೆ ಎಂದೇ ಅರ್ಥ.

ಬಿರುಕಿಗೆ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಬಗೆಬಗೆಯ ಮದ್ದು ಸಿಗುತ್ತದೆ: ದ್ರಾವಕ ಬೆರೆಸಿದ ಎಬಿಎಸ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಕಿಟ್, ಎರಡು ಭಾಗ ಬೆರೆಸಿ ಹಚ್ಚುವ, ಬಾಗುವ ಎಪಾಕ್ಸಿ ಅಂಟು, ಪಾಲಿಯೆಸ್ಟರ್ ಫಿಲ್ಲರ್, ಸೀಲಂಟ್, ಹಿಗ್ಗುವ ಫೋಮ್, ಮೇಲೆ ಬಳಿಯುವ ಕೋಟಿಂಗ್. ಪ್ರತಿಯೊಂದರ ಡಬ್ಬಿಯ ಮೇಲೂ ‘ಶಾಶ್ವತ’ ಎಂಬ ಮಾತಿರುತ್ತದೆ. ಇವನ್ನು ಅಳೆಯಲು ಇಲ್ಲಿ ಇಟ್ಟುಕೊಂಡಿರುವ ಪ್ರಶ್ನೆ ಒಂದೇ: ಕಾಲಿಟ್ಟಾಗ ಟ್ರೇ ಬಾಗುತ್ತದಲ್ಲ, ಆ ಬಾಗುವಿಕೆಗೆ ಈ ಸಾಮಗ್ರಿ ಏನು ಮಾಡುತ್ತದೆ? ಬಿರುಕನ್ನು ಮುಚ್ಚುವುದು ಯಾರಿಗೂ ಬರುತ್ತದೆ. ಮುಚ್ಚಿದ ಜಾಗದ ಪಕ್ಕದಲ್ಲೇ ಹೊಸದು ಏಳದಂತೆ ಮಾಡುವುದೇ ಕಷ್ಟ.

ಟ್ರೇ ಸೀಳುವುದು ಯಾಕೆ

ಯುರೋಪಿನ ಮೋಟಾರ್‌ಹೋಮ್‌ಗಳ ಟ್ರೇಗಳಲ್ಲಿ ಹೆಚ್ಚಿನವು ಎಬಿಎಸ್ ಹಾಳೆಯಿಂದ ಮಾಡಿದವು. ಹಾಳೆಯನ್ನು ಕಾಯಿಸಿ, ಅಚ್ಚಿನ ಮೇಲೆ ಹಾಸಿ, ಅಡಿಯಿಂದ ಗಾಳಿ ಎಳೆದು ಆಕಾರ ಕೊಡುತ್ತಾರೆ. ಹಾಳೆ 3 ಮಿ.ಮೀ. ದಪ್ಪವಿದ್ದರೂ ಆಳಕ್ಕೆ ಎಳೆದ ಕಡೆ, ಅಂದರೆ ಮೂಲೆ, ಅಂಚಿನ ಬುಡ, ಚಕ್ರದ ಕಮಾನಿನ ಏರು ಇಂಥಲ್ಲೆಲ್ಲ ಹಿಗ್ಗಿ ಅರ್ಧಕ್ಕೆ ಇಳಿದಿರುತ್ತದೆ. ಇಂಥ ತೆಳುವಾದ ತಟ್ಟೆ ತಾನೇ ಭಾರ ಹೊರಲಾರದು. ಅಡಿಯಲ್ಲಿ ಥರ್ಮೋಕೋಲ್ ತುಂಡುಗಳನ್ನೋ ಪ್ಲೈವುಡ್ ಪಟ್ಟಿಗಳನ್ನೋ ನಾಲ್ಕು ಬೊಟ್ಟು ಅಂಟು ಹಾಕಿ ನಿಲ್ಲಿಸಿರುತ್ತಾರೆ. ವರ್ಷಗಟ್ಟಲೆ ರಸ್ತೆಯ ಅದುರಾಟಕ್ಕೆ ಆ ಬೊಟ್ಟುಗಳು ಬಿಟ್ಟುಕೊಳ್ಳುತ್ತವೆ, ತುಂಡು ಜರುಗುತ್ತದೆ, ಟೊಳ್ಳು ಹುಟ್ಟುತ್ತದೆ. ಅಲ್ಲಿಂದ ಮುಂದೆ ಪ್ರತಿ ಸ್ನಾನಕ್ಕೂ ಅದೇ ಜಾಗ ಎರಡು ಮೂರು ಮಿ.ಮೀ. ಬಾಗುತ್ತಾ ಏಳುತ್ತಾ ಇರುತ್ತದೆ.

ಎಬಿಎಸ್‌ನೊಳಗೆ ರಬ್ಬರಿನಂಥ ಬ್ಯುಟಾಡೈಈನ್ ಇದೆ. ಅದರ ದೆಸೆಯಿಂದಲೇ ಅದು ಪೆಟ್ಟು ತಾಳುವುದು. ವಯಸ್ಸಾದಂತೆ ಆ ಭಾಗ ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ಗಡಸಾಗುತ್ತದೆ. ಹಳದಿಗಟ್ಟಿದ ಟ್ರೇ ಬೇಗ ಸೀಳುವುದು ಇದಕ್ಕೇ. ಜೊತೆಗೆ ಕಿತ್ತಳೆ ಸಿಪ್ಪೆಯ ಎಣ್ಣೆ ಅಥವಾ ಬೇರೆ ದ್ರಾವಕ ಇರುವ ಕ್ಲೀನರ್‌ಗಳು, ಈಗಾಗಲೇ ಒತ್ತಡದಲ್ಲಿರುವ ಎಬಿಎಸ್‌ನಲ್ಲಿ ಕೂದಲೆಳೆಯ ಸೀಳುಗಳನ್ನು ಏಳಿಸುತ್ತವೆ. ಡ್ರೈನ್ ಕಪ್, ಅಂದರೆ ನೀರು ಇಳಿಯುವ ತೂತಿಗೆ ಕೂರಿಸಿದ ಬಟ್ಟಲಿನ ಸುತ್ತ ನಕ್ಷತ್ರದ ಹಾಗೆ ಬಿರುಕಿದ್ದರೆ ಕಾರಣ ಸಾಮಾನ್ಯವಾಗಿ ಎರಡೇ: ಸ್ಕ್ರೂವನ್ನು ವಿಪರೀತ ಬಿಗಿದಿದ್ದಾರೆ, ಇಲ್ಲವೇ ಕಪ್ಪಿನ ಸುತ್ತ ಆಧಾರವೇ ಇಲ್ಲದೆ ಟ್ರೇ ಅದಕ್ಕೇ ಜೋತುಬಿದ್ದಿದೆ.

ಮೊದಲು ತೇವ, ಆಮೇಲೆ ಅಂಟು

ಒಂದು ಬೆರಳುದ್ದದ ಬಿರುಕಿನಿಂದ ಇಳಿದ ನೀರು ಹೋಗುವುದು ಸೀದಾ ನೆಲದೊಳಕ್ಕೆ. ನೆಲವೆಂದರೆ ಎರಡು ಪ್ಲೈವುಡ್ ಹಾಳೆಗಳ ನಡುವೆ ಫೋಮ್ ಇಟ್ಟು ಅಂಟಿಸಿದ ಪದರ. ಒಳಗೆ ಹೋದ ನೀರಿಗೆ ಹೊರಬರಲು ದಾರಿಯಿಲ್ಲ. ತೇವದ ಮೀಟರಿನ ಮುಳ್ಳುಗಳನ್ನು ಟ್ರೇ ಅಂಚಿನ ಪಕ್ಕದ ನೆಲಕ್ಕೆ, ಪಕ್ಕದ ಬೀರುವಿನೊಳಗೆ, ಟಾಯ್ಲೆಟ್ ಕ್ಯಾಸೆಟ್ (ಹೊರಗಿನಿಂದ ಎಳೆದು ತೆಗೆಯುವ ಮಲದ ತೊಟ್ಟಿ) ಬಾಗಿಲಿನ ಒಳಗೋಡೆಗೆ ಒತ್ತಿ ನೋಡಿ. ಶೇ 15ರೊಳಗಿದ್ದರೆ ಚಿಂತೆಯಿಲ್ಲ. 15ರಿಂದ 20ರ ನಡುವೆ ಇದ್ದರೆ ಕಣ್ಣಿಟ್ಟಿರಬೇಕು. 20 ದಾಟಿದರೆ ನೀರು ಎಲ್ಲಿಂದಲೋ ಬರುತ್ತಿದೆ. 30 ದಾಟಿದರೆ ಮರ ಕೊಳೆಯಲು ಶುರುವಾಗಿರುವ ಸಾಧ್ಯತೆ ಹೆಚ್ಚು, ಆಗ ಟ್ರೇ ಕಿತ್ತು ನೋಡದೆ ಗತಿಯಿಲ್ಲ. ವರ್ಷಕ್ಕೊಮ್ಮೆ ಮಾಡಿಸುವ ಹ್ಯಾಬಿಟೇಷನ್ ಚೆಕ್‌ನ (ಗಾಡಿಯ ವಾಸದ ಭಾಗದ ತಪಾಸಣೆ) ವರದಿ ಇದ್ದರೆ ಹಳೆಯ ಅಂಕಿಗಳನ್ನು ಹೋಲಿಸಿ ನೋಡಬಹುದು. ಶೇ 12 ಇದ್ದದ್ದು ಮುಂದಿನ ವರ್ಷ 22 ಆಗಿದ್ದರೆ ಆ ಒಂದು ಸಾಲೇ ಸಾಕು.

ಒದ್ದೆ ನೆಲದ ಮೇಲೆ ಟ್ರೇಯನ್ನು ಭದ್ರವಾಗಿ ಮುಚ್ಚಿದರೆ ಕೊಳೆಯುವುದಕ್ಕೆ ನಾವೇ ಅನುಕೂಲ ಮಾಡಿಕೊಟ್ಟಂತೆ. ಡ್ರೈನ್ ಕಪ್ ಬಿಚ್ಚಿ, ಡಿಹ್ಯೂಮಿಡಿಫೈಯರ್ ಇಟ್ಟು ಒಣಗಿಸಿ. ಇದಕ್ಕೆ ದಿನಗಳಲ್ಲ, ವಾರಗಳೇ ಹಿಡಿಯಬಹುದು. ಹೀಟ್ ಗನ್ ಹಿಡಿದು ಬೇಗ ಮುಗಿಸಲು ಹೋಗಬೇಡಿ, ಅಡಿಯ ಥರ್ಮೋಕೋಲ್ ಕರಗಿ ಕುಸಿಯುತ್ತದೆ.

ಯಾವ ಪ್ಲಾಸ್ಟಿಕ್ ಎಂದು ತಿಳಿಯದೆ ಕಿಟ್ ಕೊಳ್ಳಬೇಡಿ

ಟ್ರೇಯ ಅಡಿಯಲ್ಲೋ ಡ್ರೈನ್ ತೂತಿನ ಅಂಚಿನ ಹಿಂಬದಿಯಲ್ಲೋ ಕೆಲವೊಮ್ಮೆ ಗುರುತು ಅಚ್ಚಾಗಿರುತ್ತದೆ. ಇಲ್ಲದಿದ್ದರೆ ಕಪ್ ಬಿಚ್ಚಿದಾಗ ಕಾಣುವ ಅಂಚಿನಲ್ಲಿ, ಮೇಲಿನಿಂದ ಕಾಣದ ಕಡೆ, ಹತ್ತಿಕಡ್ಡಿಯಿಂದ ಒಂದು ಹನಿ ಅಸಿಟೋನ್ ಮುಟ್ಟಿಸಿ. ಅರ್ಧ ನಿಮಿಷದಲ್ಲಿ ಮೇಲ್ಮೈ ಮೆತ್ತಗಾಗಿ ಬೆರಳಿಗೆ ಅಂಟಿದರೆ ಎಬಿಎಸ್ ಅಥವಾ ಪಾಲಿಸ್ಟೈರೀನ್. ಏನೂ ಆಗದಿದ್ದರೆ ಅದು ಫೈಬರ್‌ಗ್ಲಾಸ್ ಇರಬಹುದು. ಕತ್ತರಿಸಿದ ಅಂಚಿನಲ್ಲಿ ನಾರಿನ ಎಳೆಗಳು ಕಂಡರೆ ಖಾತ್ರಿ. ಬ್ರಿಟನ್ನಿನಲ್ಲಿ ಜಿಆರ್‌ಪಿ ಎಂದು ಬರೆಯುವುದೂ ನಮ್ಮೂರಿನ ವರ್ಕ್‌ಶಾಪ್‌ಗಳಲ್ಲಿ ಎಫ್‌ಆರ್‌ಪಿ ಎನ್ನುವುದೂ ಇದನ್ನೇ. ನಾರು ಇಲ್ಲ, ಅಸಿಟೋನ್‌ಗೂ ಜಗ್ಗಲಿಲ್ಲ, ಮುಟ್ಟಿದರೆ ಮೇಣದ ಜಾರು ಎಂದಾದರೆ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್. ಕೆಳಗೆ ಹೇಳುವ ಅಂಟುಗಳಲ್ಲಿ ಹೆಚ್ಚಿನವು ಅದಕ್ಕೆ ಹಿಡಿಯುವುದಿಲ್ಲ.

ಎಬಿಎಸ್ ದ್ರಾವಕ ಕಿಟ್

ಕ್ಯಾರವಾನ್ (ಕಾರಿಗೆ ಕಟ್ಟಿ ಎಳೆಯುವ ಮನೆಗಾಡಿ) ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ ಎಬಿಎಸ್ ರಿಪೇರಿ ಕಿಟ್‌ಗಳ ಹೆಸರು ಬೇರೆ ಬೇರೆ, ಒಳಗಿನ ಹೂರಣ ಹೆಚ್ಚುಕಡಿಮೆ ಒಂದೇ: ಎಬಿಎಸ್ ಪುಡಿ ಅಥವಾ ಹರಳು, ಅದನ್ನು ಕರಗಿಸುವ ದ್ರಾವಕ, ಸುರಿಯಲು ಸಣ್ಣ ಬಾಟಲಿ. ಇದು ಮೇಲೆ ಕುಳಿತು ಹಿಡಿದುಕೊಳ್ಳುವ ಅಂಟಲ್ಲ. ಟ್ರೇಯ ಪ್ಲಾಸ್ಟಿಕ್ಕನ್ನೇ ಮೆತ್ತಗೆ ಮಾಡಿ ಅದರೊಳಕ್ಕೆ ಬೆರೆಯುತ್ತದೆ. ದ್ರಾವಕ ಆರಿಹೋದ ಮೇಲೆ ಉಳಿಯುವುದೂ ಎಬಿಎಸ್ಸೇ. ಬಣ್ಣವೂ ಹತ್ತಿರ ಬರುತ್ತದೆ. ಕೂದಲೆಳೆಯ ಬಿರುಕಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ.

ಕಿಟ್ಟಿಗೆ ಹಣ ಹಾಕಲು ಮನಸ್ಸಿಲ್ಲದವರು ಎಬಿಎಸ್ ಚೂರು ಮತ್ತು ಶುದ್ಧ ಅಸಿಟೋನ್‌ನಿಂದ ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ತೂಕದಲ್ಲಿ 1 ಪಾಲು ಎಬಿಎಸ್‌ಗೆ 2 ಪಾಲು ಅಸಿಟೋನ್ ಹಾಕಿ, ಗಾಜಿನ ಬಾಟಲಿಯಲ್ಲಿ ಲೋಹದ ಮುಚ್ಚಳ ಬಿಗಿದು ರಾತ್ರಿಯಿಡೀ ಬಿಟ್ಟರೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ತೆಳುವಾದರೆ ಮುಚ್ಚಳ ತೆಗೆದಿಟ್ಟು ಸ್ವಲ್ಪ ಆರಿಸಿ. ಲೆಗೋ ಇಟ್ಟಿಗೆಗಳು 1963ರಿಂದ ಎಬಿಎಸ್‌ನಲ್ಲೇ ಆಗುತ್ತಿರುವುದರಿಂದ ಬಿಳಿಯ ಒಂದಷ್ಟು ತುಂಡುಗಳೂ ನಡೆಯುತ್ತವೆ. ಪಾರದರ್ಶಕ ತುಂಡುಗಳು ಬೇರೆ ಪ್ಲಾಸ್ಟಿಕ್, ಅವು ಬೇಡ. ಉಗುರುಬಣ್ಣ ತೆಗೆಯುವ ದ್ರವವನ್ನು ಅಸಿಟೋನ್ ಎಂದುಕೊಂಡು ತರಬೇಡಿ. ಅದರಲ್ಲಿ ಎಣ್ಣೆ, ಸುವಾಸನೆ, ನೀರು ಎಲ್ಲ ಇರುತ್ತವೆ.

ಇದರ ದೋಷ ಎರಡು. ಮೊದಲನೆಯದು ಕುಗ್ಗುವಿಕೆ. ಹಾಕಿದ್ದರಲ್ಲಿ ಮೂರನೇ ಎರಡು ಪಾಲು ಆವಿಯಾಗಿ ಹೋಗುವುದರಿಂದ ಒಂದೇ ಸಲ ತುಂಬಿದರೆ ನಡುವೆ ಗುಳಿ ಬೀಳುತ್ತದೆ, ಒಳಗೆ ಗುಳ್ಳೆ ಉಳಿಯುತ್ತದೆ. ತೆಳುವಾಗಿ ಮೂರು ನಾಲ್ಕು ಸಲ, ಪ್ರತಿ ಸಲಕ್ಕೂ ಒಂದು ದಿನ ಬಿಟ್ಟು ಹಾಕಬೇಕು. ಮೇಲೆ ಗಟ್ಟಿಯಾಗಿ ಕಂಡರೂ ಒಳಗಿನ ದ್ರಾವಕ ಪೂರ್ತಿ ಹೊರಬರಲು ಇನ್ನೂ ದಿನಗಳು ಬೇಕು, ಅಲ್ಲಿಯವರೆಗೆ ಕಾಲಿಡಬಾರದು. ಎರಡನೆಯದನ್ನು ಯಾವ ಡಬ್ಬಿಯೂ ಹೇಳುವುದಿಲ್ಲ: ಬಿರುಕಿನಿಂದ ಕೆಳಗೆ ಸೋರಿದ ದ್ರಾವಕ, ಟ್ರೇಯನ್ನು ಹೊತ್ತಿರುವ ಥರ್ಮೋಕೋಲನ್ನು ಕರಗಿಸಿ ಅಂಗೈ ಅಗಲದ ಹೊಸ ಟೊಳ್ಳು ಮಾಡಬಲ್ಲದು. ಬಿರುಕು ತುಂಬಿತು, ಅಡಿಯ ಆಧಾರ ಹೋಯಿತು. ಕಿಟ್ ಹಾಕಿದ ಕೆಲವೇ ತಿಂಗಳಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ಸೀಳು ಬಂತು ಎಂಬ ದೂರಿನ ಹಿಂದೆ ಇದೂ ಇರಬಹುದು. ಗಟ್ಟಿ ಹದದಲ್ಲೇ ಬಳಸಿ, ಮೊದಲ ಪದರವನ್ನು ಬಿರುಕಿನ ಬಾಯಿ ಕಟ್ಟುವಷ್ಟು ಮಾತ್ರ ಹಚ್ಚಿ, ಅದು ಆರಿದ ಮೇಲೆ ಉಳಿದದ್ದು.

ಇನ್ನು ಸುರಕ್ಷತೆ. ಅಸಿಟೋನ್‌ನ ಆವಿ ಮೈನಸ್ 20 ಡಿಗ್ರಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲೇ ಹರಡುತ್ತದೆ. ಮೋಟಾರ್‌ಹೋಮಿನ ಫ್ರಿಜ್ ಗ್ಯಾಸಿನಲ್ಲಿ ನಡೆಯುತ್ತಿದ್ದರೆ ಅದರೊಳಗೆ ಒಂದು ಜ್ವಾಲೆ ಉರಿಯುತ್ತಿರುತ್ತದೆ. ನೀರು ಕಾಯಿಸುವ ಬಾಯ್ಲರಿನಲ್ಲೂ ಅಷ್ಟೇ. ಸಿಲಿಂಡರಿನಲ್ಲೇ ಗ್ಯಾಸ್ ಬಂದ್ ಮಾಡಿ, ಬಾಗಿಲು ಮತ್ತು ಮೇಲ್ಚಾವಣಿಯ ಕಿಂಡಿ ತೆಗೆದು, ಕಂದು ಪಟ್ಟಿಯ ಎಎಕ್ಸ್ (AX) ಮಾದರಿ ಫಿಲ್ಟರ್ ಇರುವ ಮಾಸ್ಕ್ ಹಾಕಿಕೊಳ್ಳಿ. ಧೂಳಿನ ಮಾಸ್ಕ್ ಇಲ್ಲಿ ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ.

ತೀರ್ಪು: 5 ಸೆಂ.ಮೀ.ಗಿಂತ ಚಿಕ್ಕ, ಬಾಯಿ ಬಿಡದ ಬಿರುಕಿಗೆ, ಅಡಿ ಗಟ್ಟಿಯಾಗಿದ್ದರೆ, ಕಣ್ಣುಮುಚ್ಚಿ ಇದನ್ನೇ ಕೊಳ್ಳಿ. ಅದಕ್ಕಿಂತ ದೊಡ್ಡದಕ್ಕೆ ಒಂದೇ ಸಾಲದು.

ಬಾಗುವ ಎಪಾಕ್ಸಿ, ಜೊತೆಗೆ ಗ್ಲಾಸ್ ಬಟ್ಟೆ

ದೋಣಿ ರಿಪೇರಿಯವರ ಅಂಗಡಿಯಲ್ಲಿ ಸಿಗುವ ವೆಸ್ಟ್ ಸಿಸ್ಟಮ್ ಜಿ/ಫ್ಲೆಕ್ಸ್ ಅಂಥ ದೊಡ್ಡ ಬಿರುಕಿಗೆ ಈ ಪಟ್ಟಿಯಲ್ಲಿ ನಮ್ಮ ಮೊದಲ ಆಯ್ಕೆ. ಸಾಮಾನ್ಯ ಎಪಾಕ್ಸಿ ಗಾಜಿನಂತೆ ಗಡಸಾಗುತ್ತದೆ. ಟ್ರೇ ಬಾಗಿದಾಗ ಅದು ಬಾಗದೆ ಅಂಚಿನಿಂದ ಸಿಪ್ಪೆಯಂತೆ ಏಳುತ್ತದೆ. ಜಿ/ಫ್ಲೆಕ್ಸ್ ಸ್ವಲ್ಪ ಬಾಗುವಂತೆ ಮಾಡಿದ ಎಪಾಕ್ಸಿ, ಎಬಿಎಸ್‌ಗೂ ಹಿಡಿಯುತ್ತದೆ. 650 ಎಂಬುದು ಸುರಿಯುವ ರೂಪ, 655 ಎಂಬುದು ಮೊದಲೇ ಗಟ್ಟಿ ಮಾಡಿದ ರೂಪ. ಎರಡರಲ್ಲೂ ರಾಳ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್ ಅಳತೆ 1ಕ್ಕೆ 1, ತೂಗುವ ರಗಳೆ ಇಲ್ಲ. 22 ಡಿಗ್ರಿಯಲ್ಲಿ ಬಟ್ಟಲಿನಲ್ಲಿ ಸುಮಾರು 45 ನಿಮಿಷ ಕೈಗೆ ಸಿಗುತ್ತದೆ, ಮೂರು ನಾಲ್ಕು ಗಂಟೆಗೆ ಹಿಡಿಯುತ್ತದೆ, ಪೂರ್ತಿ ಭಾರ ಹಾಕಲು 24 ಗಂಟೆ. ತಾಪ 10 ಡಿಗ್ರಿ ಇಳಿದರೆ ಈ ಸಮಯವೆಲ್ಲ ಹೆಚ್ಚುಕಡಿಮೆ ದುಪ್ಪಟ್ಟು. ಇಂಗ್ಲೆಂಡಿನ ನವೆಂಬರಿನಲ್ಲಿ ಹೀಟರ್ ಹಾಕದೆ ಹಚ್ಚಿ, ಬೆಳಿಗ್ಗೆ ಇನ್ನೂ ಅಂಟಂಟಾಗಿದೆ ಎಂದು ಕಂಪನಿಯನ್ನು ಬೈದು ಉಪಯೋಗವಿಲ್ಲ.

ಕೆಲಸದ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ರಿಪೇರಿ ಕೆಡುವುದು ಅಂಟಿನಿಂದಲ್ಲ, ತಯಾರಿಯಿಂದ.

ಟ್ರೇ ಮೇಲೆ ವರ್ಷಗಟ್ಟಲೆ ಬಿದ್ದಿರುವುದು ಸೋಪು ಮಾತ್ರವಲ್ಲ. ಕೂದಲಿಗೆ ಹಾಕುವ ಕಂಡಿಷನರ್‌ಗಳಲ್ಲಿ ಡೈಮೆಥಿಕೋನ್ ಎಂಬ ಸಿಲಿಕೋನ್ ಇರುತ್ತದೆ. ಜಾರದಂತೆ ಮಾಡಿದ ಉಬ್ಬುತಗ್ಗಿನ ವಿನ್ಯಾಸದೊಳಗೆ ಅದು ಕೂತುಬಿಡುತ್ತದೆ. ಅದರ ಮೇಲೆ ಯಾವ ಅಂಟೂ ನಿಲ್ಲದು. ಮೊದಲು ಬಿಸಿನೀರು, ಪಾತ್ರೆ ತೊಳೆಯುವ ದ್ರವ, ಗಡಸು ಬ್ರಷ್. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒಂದೇ ದಿಕ್ಕಿಗೆ ಒರೆಸಿ, ಪ್ರತಿ ಸಲ ಹೊಸ ಬಟ್ಟೆ. ಸ್ಯಾಂಡ್‌ಪೇಪರ್ ಹಿಡಿಯುವುದು ಇದೆಲ್ಲ ಮುಗಿದ ಮೇಲೆ. ಮೊದಲೇ ಉಜ್ಜಿದರೆ ಸಿಲಿಕೋನನ್ನು ಗೀರುಗಳೊಳಗೆ ತುರುಕಿದಂತಾಗುತ್ತದೆ. ನೀರು ಚಿಮುಕಿಸಿ ನೋಡಿ. ಹನಿಗಟ್ಟದೆ ಹಾಳೆಯಂತೆ ಹರಡಿದರೆ ಚೊಕ್ಕಟವಾಗಿದೆ.

ಬಿರುಕಿನ ತುದಿ ಕಣ್ಣಿಗೆ ಕಂಡಲ್ಲಿ ಮುಗಿದಿರುವುದಿಲ್ಲ. ಪೆನ್ಸಿಲಿನ ಸೀಸದ ಪುಡಿಯನ್ನು ಉಜ್ಜಿ ಒರೆಸಿದರೆ ಸೀಳಿನೊಳಗೆ ಉಳಿದ ಕಪ್ಪು ಗೆರೆ ನಿಜವಾದ ತುದಿಯನ್ನು ತೋರಿಸುತ್ತದೆ. ಅದರಿಂದ 2 ಮಿ.ಮೀ. ಆಚೆಗೆ 3 ಮಿ.ಮೀ. ಡ್ರಿಲ್‌ನಲ್ಲಿ ತೂತು ಹಾಕಿ. ಚೂಪಾದ ತುದಿಯಲ್ಲಿ ಒಂದೆಡೆ ಸೇರುವ ಒತ್ತಡ ದುಂಡನೆಯ ಅಂಚಿಗೆ ಹಂಚಿಹೋಗಿ ಬಿರುಕು ಅಲ್ಲೇ ನಿಲ್ಲುತ್ತದೆ. ಡ್ರಿಲ್ ಬಿಟ್‌ಗೆ ತುದಿಯಿಂದ 5 ಮಿ.ಮೀ. ಬಿಟ್ಟು ಟೇಪ್ ಸುತ್ತಿ, ಅದಕ್ಕಿಂತ ಆಳ ಹೋಗಬೇಡಿ. ಟ್ರೇ ಅಡಿಯಲ್ಲಿ ನೀರಿನ ಪೈಪು, 12 ವೋಲ್ಟ್ ವೈರು, ಕೆಲವು ಗಾಡಿಗಳಲ್ಲಿ ಬಿಸಿನೀರಿನ ಹೀಟಿಂಗ್ ಕೊಳವೆಗಳೂ ಹಾದುಹೋಗುತ್ತವೆ.

ಬಿರುಕಿನ ಉದ್ದಕ್ಕೂ ಇಂಗ್ಲಿಷಿನ ವಿ ಆಕಾರದ ಕಾಲುವೆ ಕೊರೆಯಿರಿ, ಆಳ ಹಾಳೆಯ ಮೂರನೇ ಎರಡರಷ್ಟು. ಸುತ್ತ 6 ಸೆಂ.ಮೀ.ವರೆಗೆ 80 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಹೊಳಪು ಪೂರ್ತಿ ಹೋಗುವಂತೆ ಉಜ್ಜಿ, ಮತ್ತೆ ಆಲ್ಕೋಹಾಲ್. ಇಲ್ಲಿ ಅಸಿಟೋನ್ ಬೇಡ, ಉಜ್ಜಿದ ಎಬಿಎಸ್ ಮೆತ್ತಗಾಗಿ ಸೀಳುತ್ತದೆ. ಕಾಲುವೆಗೆ 655 ತುಂಬಿ ಮಟ್ಟ ಮಾಡಿ. ಅದು ಇನ್ನೂ ಅಂಟಂಟಾಗಿರುವಾಗಲೇ 650 ಹಚ್ಚಿ, ಚದರ ಮೀಟರಿಗೆ 200 ಗ್ರಾಂ ತೂಕದ ಗ್ಲಾಸ್ ಬಟ್ಟೆಯ ಒಂದು ಪಟ್ಟಿ ಹಾಸಿ, ಬಟ್ಟೆ ಪಾರದರ್ಶಕವಾಗುವವರೆಗೆ ಕುಂಚದಿಂದ ಕುಟ್ಟಿ. ಬಿಳಿ ಚುಕ್ಕೆ ಉಳಿದಿದ್ದರೆ ಅಲ್ಲಿ ಗಾಳಿ ಇದೆ. ಎರಡನೇ ಪಟ್ಟಿ ಮೊದಲನೆಯದಕ್ಕಿಂತ ಎಲ್ಲ ಕಡೆ 2 ಸೆಂ.ಮೀ. ದೊಡ್ಡದಿರಲಿ, ಅಂಚು ಮೆಟ್ಟಿಲಾಗಿ ಇಳಿದರೆ ಒತ್ತಡ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಪಟ್ಟಿಯ ಮೂಲೆಗಳನ್ನು ದುಂಡಗೆ ಕತ್ತರಿಸಿ, ಚೌಕ ಮೂಲೆ ಮೊದಲು ಏಳುವುದು. ಜಿ/ಫ್ಲೆಕ್ಸ್ ಮಂದವಾದ್ದರಿಂದ ಬಾಟಲಿಗಳನ್ನು ಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಬಟ್ಟೆಗೆ ಇಳಿಯುವುದು ಸುಲಭ, ಆದರೆ ಕೈಗೆ ಸಿಗುವ ಸಮಯ ಕಡಿಮೆಯಾಗುತ್ತದೆ. 30 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲದ ಎರಡು ಪದರಕ್ಕೆ, ಕಾಲುವೆ ತುಂಬುವುದೂ ಸೇರಿ, 50 ಗ್ರಾಂ ಮಿಶ್ರಣ ಸಾಕು. ಚಿಕ್ಕ ಕಿಟ್ ಕೊಂಡರೂ ಮಿಗುತ್ತದೆ.

ಕೊರತೆಯೂ ಇದೆ. ಬೆಲೆ ಹೆಚ್ಚು. ಬಣ್ಣ ಹೊಂದುವುದಿಲ್ಲ, ಪಟ್ಟಿ ಎದ್ದು ಕಾಣುತ್ತದೆ, ಆದ್ದರಿಂದ ಮೇಲೆ ಏನಾದರೂ ಬಳಿಯಲೇಬೇಕು. ಪಕ್ಕದ ಬೆಂಚಿನ ಕೆಳಗಿನಿಂದಲೋ ಲಾಕರಿನ ಒಳಗಿನಿಂದಲೋ ಟ್ರೇಯ ಅಡಿಗೆ ಕೈ ಹೋಗುವಂತಿದ್ದರೆ ಗ್ಲಾಸ್ ಬಟ್ಟೆಯನ್ನು ಅಲ್ಲೇ ಹಾಕಿ, ಮೇಲೆ ಎಬಿಎಸ್ ಕಿಟ್‌ನಿಂದ ಮುಗಿಸಿದರೆ ಗುರುತೇ ಸಿಗದು. ಅಷ್ಟು ಅದೃಷ್ಟವಂತ ವಿನ್ಯಾಸದ ಗಾಡಿಗಳು ಕಡಿಮೆ.

ಉಳಿದವು, ಬೇಗ ಬೇಗ

ಐಸೊಪಾನ್ ಪಿ40 ಗಾಜಿನ ಎಳೆ ಬೆರೆಸಿದ ಪಾಲಿಯೆಸ್ಟರ್ ಫಿಲ್ಲರ್. ಫೈಬರ್‌ಗ್ಲಾಸ್ ಟ್ರೇಗೆ ಚೆನ್ನಾಗಿ ಒಗ್ಗುತ್ತದೆ: ಬೇಗ ಗಟ್ಟಿಯಾಗುತ್ತದೆ, ಉಜ್ಜಲು ಸುಲಭ, ಅಗ್ಗ. ಎಬಿಎಸ್ ಟ್ರೇಗೆ ತಪ್ಪು ಆಯ್ಕೆ. ಅದು ಬಾಗುವುದಿಲ್ಲ, ಟ್ರೇ ಬಾಗುತ್ತದೆ. ಇಬ್ಬರ ಜಗಳದಲ್ಲಿ ಅಂಟಿದ ಗೆರೆ ಬಿಟ್ಟುಕೊಳ್ಳುತ್ತದೆ. ಅಗ್ಗವೆಂದು ಹೆಚ್ಚು ಜನ ತರುವುದೂ ಇದನ್ನೇ.

ಸಿಕಾಫ್ಲೆಕ್ಸ್-512 ಕ್ಯಾರವಾನ್ ಒಳ್ಳೆಯ ಸೀಲಂಟ್. ಟ್ರೇಯ ಸುತ್ತಂಚಿಗೆ, ಡ್ರೈನ್ ಕಪ್ಪಿನ ಕೆಳಗೆ ಹಾಕಿ. ಬಿರುಕಿನ ಮೇಲೆ ಎಳೆದರೆ ಮುಂದಿನ ಕ್ಯಾಂಪ್‌ಸೈಟ್‌ವರೆಗೆ ನೀರು ತಡೆಯುತ್ತದೆ, ಅಷ್ಟೇ. ಆಮೇಲೆ ಸರಿಯಾಗಿ ರಿಪೇರಿ ಮಾಡುವವರು ಅದನ್ನು ಸೀಳಿನೊಳಗಿಂದ ಕೆರೆದು ತೆಗೆಯುವಷ್ಟರಲ್ಲಿ ಅರ್ಧ ದಿನ. ತುರ್ತಿಗೆ ಜಲನಿರೋಧಕ ಟೇಪೇ ವಾಸಿ, ಕಿತ್ತರೆ ಬರುತ್ತದೆ. ಸೂಪರ್ ಗ್ಲೂ ಎನ್ನುವ ಸಯನೋಆಕ್ರಿಲೇಟ್ ಗಡಸು, ನೀರಿನಲ್ಲಿ ಹಿಡಿತ ಕಳೆದುಕೊಳ್ಳುತ್ತದೆ, ಟ್ರೇ ಕೆಲಸಕ್ಕಲ್ಲ.

ಎರಡು ಟ್ಯೂಬಿನ ಮೀಥಾಕ್ರಿಲೇಟ್ ಅಂಟುಗಳು ಎಬಿಎಸ್‌ಗೆ ಪ್ರೈಮರ್ ಇಲ್ಲದೆಯೇ ಗಟ್ಟಿಯಾಗಿ ಕೂರುತ್ತವೆ. ಟ್ರೇಯ ನೆಲದ ಮೇಲೆ 3 ಮಿ.ಮೀ.ನ ಹೊಸ ಎಬಿಎಸ್ ಹಾಳೆಯನ್ನೇ ಹಾಸಿ ಅಂಟಿಸುವವರಿಗೆ ಇದೇ ಸರಿ. ಆದರೆ ಕೈಗೆ ಸಿಗುವ ಸಮಯ ಕೆಲವೇ ನಿಮಿಷ, ನಾತ ತಲೆನೋವು ತರಿಸುತ್ತದೆ, ಡ್ರೈನ್ ತೂತಿನ ಎತ್ತರ ಹಾಳೆಯಷ್ಟು ಏರುವುದರಿಂದ ಕಪ್ಪನ್ನು ಹೊಸದಾಗಿ ಹೊಂದಿಸಬೇಕು.

ಬಿಸಿಗಾಳಿಯ ಪ್ಲಾಸ್ಟಿಕ್ ವೆಲ್ಡಿಂಗ್, ಎಬಿಎಸ್ ಕಡ್ಡಿ, ಸುಮಾರು 350 ಡಿಗ್ರಿ: ಟ್ರೇ ಕಿತ್ತು ಮೇಜಿನ ಮೇಲಿಟ್ಟಿದ್ದರೆ, ಕೈ ಪಳಗಿದವರಿಂದಾದರೆ ಬಹಳ ಚೆನ್ನ. ಗಾಡಿಯಲ್ಲೇ ಕೂತಿರುವ ಟ್ರೇಗೆ ಬೇಡ. ಥರ್ಮೋಕೋಲಿನ ಕಥೆ ಮೇಲೆಯೇ ಆಗಿದೆ.

ಅಡಿಯ ಟೊಳ್ಳಿಗೆ ಫೋಮ್

ಇಲ್ಲಿ ಅವಸರಪಟ್ಟವರು ಟ್ರೇಯನ್ನೇ ಕಳೆದುಕೊಂಡಿದ್ದಾರೆ. ಹಾರ್ಡ್‌ವೇರ್ ಅಂಗಡಿಯ ಒಂದೇ ಡಬ್ಬಿಯ ಫೋಮ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ಮುಚ್ಚಿದ ಟೊಳ್ಳಿನೊಳಗೆ ಆ ತೇವ ಸಿಗದೆ ಹೊರಪದರ ಮಾತ್ರ ಗಟ್ಟಿಯಾಗಿ, ಒಳಗೆ ಅಂಟಾಗಿಯೇ ಉಳಿಯುತ್ತದೆ. ವಾರ ಬಿಟ್ಟು ಬಿಸಿಲಿಗೆ ಮತ್ತೆ ಹಿಗ್ಗಬಹುದು, ಕುಸಿಯಲೂಬಹುದು. ಎರಡು ದ್ರವ ಬೆರೆಸಿ ಸುರಿಯುವ ಪಾಲಿಯುರೆಥೇನ್ ಫೋಮಿಗೆ ಗಾಳಿಯ ಹಂಗಿಲ್ಲ. ಕೊಳ್ಳುವುದಾದರೆ ಅದನ್ನು ಕೊಳ್ಳಿ.

ಲೆಕ್ಕ ಹಾಕಿ ಸುರಿಯಿರಿ. 60 ಸೆಂ.ಮೀ. ಉದ್ದ, ಅಷ್ಟೇ ಅಗಲದ ಟ್ರೇಯ ಅಡಿಯಲ್ಲಿ 2 ಸೆಂ.ಮೀ. ಟೊಳ್ಳಿದ್ದರೆ ಅದು 7.2 ಲೀಟರ್. 25 ಪಟ್ಟು ಹಿಗ್ಗುವ ಫೋಮಾದರೆ 290 ಮಿ.ಲೀ. ದ್ರವ ಸಾಕು. ಅದನ್ನೂ ಒಂದೇ ಸಲ ಅಲ್ಲ, 8 ಮಿ.ಮೀ. ತೂತುಗಳನ್ನು ಅಲ್ಲಲ್ಲಿ ಹಾಕಿ, 50 ಮಿ.ಲೀ. ಬೆರೆಸಿ ಒಂದರಲ್ಲಿ ಸುರಿದು, ಪಕ್ಕದ ತೂತಿನಲ್ಲಿ ಇಣುಕುವವರೆಗೆ ಕಾದು, ಆರಿದ ಮೇಲೆ ಮುಂದಿನದು. ಹೀಗೇಕೆ ಎಂದರೆ, ಫೋಮ್ ಚದರ ಸೆಂ.ಮೀ.ಗೆ ಬರೀ 50 ಗ್ರಾಂ ಒತ್ತಿದರೂ 3,600 ಚದರ ಸೆಂ.ಮೀ. ಟ್ರೇ ಮೇಲೆ 180 ಕೆ.ಜಿ. ಬಲ ಬೀಳುತ್ತದೆ. ಟ್ರೇ ಉಬ್ಬಿ, ನೀರು ಡ್ರೈನ್ ಬಿಟ್ಟು ಬಾಗಿಲ ಕಡೆ ಹರಿಯುತ್ತದೆ. ಅದನ್ನು ಮತ್ತೆ ಇಳಿಸುವ ಉಪಾಯ ಯಾರ ಬಳಿಯೂ ಇಲ್ಲ. ಸುರಿಯುವಾಗ ಟ್ರೇ ಮೇಲೆ 12 ಮಿ.ಮೀ. ಪ್ಲೈವುಡ್ ಹಾಸಿ, ತೂತುಗಳಿರುವ ಕಡೆ ಅದರಲ್ಲೂ ಕಿಂಡಿ ಬಿಟ್ಟು, ನೀರು ತುಂಬಿದ ಕ್ಯಾನ್‌ಗಳನ್ನು ಹೇರಿ. ಡ್ರೈನ್ ಟ್ರ್ಯಾಪ್‌ನ ಸುತ್ತ ಮೊದಲೇ ಪಾಲಿಥೀನ್ ಸುತ್ತಿ, ಇಲ್ಲದಿದ್ದರೆ ಮುಂದೆ ಆ ಪೈಪನ್ನು ಬಿಚ್ಚಲಾಗದು.

ಪಕ್ಕದಿಂದ ದಾರಿ ಇದ್ದರೆ ಫೋಮ್ ಸುರಿಯುವುದಕ್ಕಿಂತ ಎಕ್ಸ್‌ಪಿಎಸ್ (ಥರ್ಮೋಕೋಲಿಗಿಂತ ಗಟ್ಟಿಯಾದ ಪಾಲಿಸ್ಟೈರೀನ್ ಫೋಮ್) ಹಲಗೆಯನ್ನು ಟೊಳ್ಳಿನ ಎತ್ತರಕ್ಕೆ ಕತ್ತರಿಸಿ ತೂರಿಸುವುದು ನೂರು ಪಾಲು ಮೇಲು. ಒತ್ತಡ ತಾಳುವ ಶಕ್ತಿ 300 ಕಿಲೋಪಾಸ್ಕಲ್ ಎಂದು ಬರೆದಿರುವುದನ್ನು ತನ್ನಿ. ದ್ರಾವಕ ಇಲ್ಲದ ಅಂಟು ಹಾಕಿ.

ಟೊಳ್ಳು ತುಂಬುವುದು ಮೊದಲು, ಬಿರುಕಿನ ರಿಪೇರಿ ಆಮೇಲೆ. ಇದು ತಲೆಕೆಳಗಾದರೆ ಹಿಗ್ಗುವ ಫೋಮ್ ಹೊಸ ರಿಪೇರಿಯನ್ನೇ ಸೀಳುತ್ತದೆ. ಎಪಾಕ್ಸಿ ಹಚ್ಚುವಾಗ ಫೋಮಿನ ತೂತುಗಳೂ ಅದರಲ್ಲೇ ಮುಚ್ಚಿಹೋಗುತ್ತವೆ.

ಮೇಲಿನ ಕೋಟಿಂಗ್, ನೀರಿನ ಪರೀಕ್ಷೆ

ಯು-ಪೋಲ್ ರಾಪ್ಟರ್ ಎಂಬ ಎರಡು ಭಾಗದ ಪಾಲಿಯುರೆಥೇನ್ ಕೋಟಿಂಗನ್ನು ಪಿಕಪ್ ಗಾಡಿಗಳ ಹಿಂಭಾಗಕ್ಕೆ ಬಳಿಯುವವರೇ ಹೆಚ್ಚು, ಟ್ರೇಗೂ ಬಳಿಯಬಹುದು. 3 ಪಾಲಿಗೆ 1 ಪಾಲು ಹಾರ್ಡನರ್. ಎಬಿಎಸ್ ಮೇಲೆ ಪ್ಲಾಸ್ಟಿಕ್ ಪ್ರೈಮರ್ ಇಲ್ಲದೆ ಹಚ್ಚಿದರೆ ಹಾಳೆಯಾಗಿ ಎದ್ದುಬರುತ್ತದೆ. ಹಾರ್ಡನರ್‌ನಲ್ಲಿ ಉಸಿರಾಟಕ್ಕೆ ಕೆಡುಕಾದ ಐಸೊಸಯನೇಟ್ ಇರುವುದರಿಂದ ಸ್ಪ್ರೇ ಮಾಡುವುದು ಮನೆಗೆಲಸವಲ್ಲ. ರೋಲರಿನಲ್ಲಿ ಎರಡು ತೆಳು ಪದರ, ಕೈಗವಸು, ತೆರೆದ ಬಾಗಿಲು. ಕಾಲು ಜಾರುವುದಿಲ್ಲ, ಪಟ್ಟಿ ಮುಚ್ಚುತ್ತದೆ, ಗಟ್ಟಿಯಾಗಿಯೂ ಇರುತ್ತದೆ. ಆದರೆ ಒರಟು ಮೇಲ್ಮೈಯಲ್ಲಿ ಸೋಪಿನ ಕೊಳೆ ಕೂರುತ್ತದೆ, ಬಿಳಿಯದ್ದು ಹಾಕಿದರೆ ತಿಕ್ಕುವ ಕೆಲಸ ಖಾಯಂ. ಬೂದುಬಣ್ಣ ತನ್ನಿ. ಬಿರುಕಿನ ಮೇಲೆ ನೇರವಾಗಿ ಬಳಿದು ರಿಪೇರಿ ಆಯಿತು ಎನ್ನುವಂತಿಲ್ಲ. ಅಡಿಯ ಸೀಳು ಇದನ್ನೂ ಸೀಳುತ್ತದೆ.

ಎಲ್ಲ ಗಟ್ಟಿಯಾದ ಮೇಲೆ ಗಾಡಿಯನ್ನು ಮಟ್ಟವಾಗಿ ನಿಲ್ಲಿಸಿ, ಡ್ರೈನ್ ಮುಚ್ಚಿ, 2 ಸೆಂ.ಮೀ. ನೀರು ನಿಲ್ಲಿಸಿ, ಅಡುಗೆಯ ಬಣ್ಣ ಒಂದೆರಡು ಹನಿ ಹಾಕಿ. ನೀರಿನ ಮಟ್ಟಕ್ಕೆ ಟೇಪ್ ಗುರುತು. ಒಂದು ಗಂಟೆ ಬಿಟ್ಟು ನೋಡಿ, ಆಮೇಲೆ ಅದೇ ನೀರಿನಲ್ಲಿ ನಿಂತು ರಿಪೇರಿಯಾದ ಜಾಗದ ಮೇಲೆ ಭಾರ ಹಾಕಿ, ಇನ್ನೊಂದು ಗಂಟೆ. ಭಾರ ಹಾಕದ ಪರೀಕ್ಷೆ ಅರ್ಧ ಪರೀಕ್ಷೆ. ಬಾಗಿದಾಗ ಮಾತ್ರ ಬಾಯಿ ಬಿಡುವ ಸೀಳುಗಳಿವೆ. ಬಣ್ಣದ ನೀರು ಕ್ಯಾಸೆಟ್ ಬಾಗಿಲಿನ ಬಳಿಯೋ ಗಾಡಿಯ ಅಡಿಯಲ್ಲೋ ಕಂಡರೆ ಅದು ಟ್ರೇಯಿಂದ ಬಂದದ್ದೋ ಡ್ರೈನ್ ಕಪ್ಪಿನಿಂದ ಬಂದದ್ದೋ ತಿಳಿಯಲು ಡ್ರೈನ್ ತೆಗೆದು ನೀರು ಹರಿಸಿ ಮತ್ತೊಮ್ಮೆ ನೋಡಬೇಕಾಗುತ್ತದೆ.

ಹೊಸ ಟ್ರೇ ಯಾವಾಗ

ಬಿರುಕು ಅಂಚಿನ ಏರಿನವರೆಗೆ ಹತ್ತಿದ್ದರೆ, ಕವಲೊಡೆದು ಮೂರು ನಾಲ್ಕಾಗಿದ್ದರೆ, ಅಥವಾ ಒತ್ತಿದಾಗ ಅಡಿಯ ಪ್ಲೈವುಡ್ಡೇ ಮೆತ್ತಗೆ ತಗ್ಗಿದರೆ ರಿಪೇರಿಗೆ ಸಮಯ ಕೊಡಬೇಡಿ. ಟ್ರೇಯ ಬೆಲೆಗಿಂತ ಅದನ್ನು ಕೂರಿಸುವ ಕೂಲಿಯೇ ದೊಡ್ಡದು: ಕ್ಯಾಸೆಟ್ ಟಾಯ್ಲೆಟ್, ಬಾಗಿಲಿನ ಚೌಕಟ್ಟು, ಕೆಲವೊಮ್ಮೆ ಗೋಡೆಯ ಫಲಕ ಎಲ್ಲ ಕಳಚಬೇಕು. ಹಳೆಯ ಮಾದರಿಗೆ ತಯಾರಕರ ಬಳಿ ಟ್ರೇ ಮುಗಿದಿದ್ದರೆ, ಹಳೆಯದನ್ನೇ ಅಚ್ಚಾಗಿ ಬಳಸಿ ಫೈಬರ್‌ಗ್ಲಾಸಿನಲ್ಲಿ ಮಾಡಿಕೊಡುವವರಿದ್ದಾರೆ. ಅದು ಎಬಿಎಸ್‌ಗಿಂತ ಭಾರ, ಬಾಳಿಕೆಯೂ ಜಾಸ್ತಿ. ಅಚ್ಚಿಗೆ ಹಳೆಯ ಟ್ರೇ ತುಂಡಾಗದೆ ಹೊರಬರಬೇಕು, ಆದ್ದರಿಂದ ಕೀಳುವವರಿಗೆ ಮೊದಲೇ ಹೇಳಿ. ವರ್ಕ್‌ಶಾಪಿನ ಕೊಟೇಷನ್ ಒಪ್ಪುವ ಮುನ್ನ ಎರಡು ವಿಷಯ ಬರವಣಿಗೆಯಲ್ಲಿ ತೆಗೆದುಕೊಳ್ಳಿ: ಹೊಸ ಟ್ರೇಯ ಅಡಿಗೆ ಏನು ಹಾಕುತ್ತಾರೆ, ಅದು ಟ್ರೇಯ ಪೂರ್ತಿ ತಳಕ್ಕೆ ತಾಗುತ್ತದೋ ಅಥವಾ ಮತ್ತೆ ನಾಲ್ಕು ಬೊಟ್ಟಿನ ಮೇಲೆಯೇ ನಿಲ್ಲುತ್ತದೋ, ಮತ್ತು ಟ್ರೇ ಎತ್ತಿದ ದಿನ ನೆಲದ ತೇವ ಎಷ್ಟಿತ್ತು ಎಂಬ ಅಂಕಿ, ಫೋಟೊ ಸಮೇತ.